ಅಮೆರಿಕದ ಧಾರಾವಾಹಿಗಳಲ್ಲಿ ಅಷ್ಟೊಂದು ನಿರ್ಮಾಪಕರು ಏಕೆ?

ಒಂದೇ ಕಂತಿನಲ್ಲಿ ಹತ್ತಾರು ನಿರ್ಮಾಪಕರ ಹೆಸರು ಬರುತ್ತವಲ್ಲ, ಇವರೆಲ್ಲರೂ ಬಂಡವಾಳ ಹೂಡಿದವರೇ ಎಂದು ತಾವು ಕೇಳಿದ್ದೀರಿ. ಅಲ್ಲ. ಹಣ ಸಾಮಾನ್ಯವಾಗಿ ಸ್ಟುಡಿಯೊ ಅಥವಾ ವಾಹಿನಿಯದು. ಆ ಹೆಸರುಗಳಲ್ಲಿ ಬಹುಪಾಲು ಚಿತ್ರಕಥೆ ಬರೆಯುವವರವು. ಅಲ್ಲಿಯ ಕಿರುತೆರೆಯಲ್ಲಿ ಪ್ರೊಡ್ಯೂಸರ್ ಎಂಬುದು ಬರಹಗಾರರಿಗೆ ಸಿಗುವ ಬಡ್ತಿ. ಸ್ಟಾಫ್ ರೈಟರ್ ಆಗಿ ಸೇರಿದವರು ಸ್ಟೋರಿ ಎಡಿಟರ್, ಕೋ-ಪ್ರೊಡ್ಯೂಸರ್, ಪ್ರೊಡ್ಯೂಸರ್, ಸೂಪರ್‌ವೈಸಿಂಗ್ ಪ್ರೊಡ್ಯೂಸರ್ ಎಂದು ಏರುತ್ತಾ, ಅದೃಷ್ಟವಿದ್ದರೆ, ಎಕ್ಸಿಕ್ಯೂಟಿವ್ ಪ್ರೊಡ್ಯೂಸರ್ ಹಾಗೂ ಇಡೀ ಧಾರಾವಾಹಿಯ ಹೊಣೆ ಹೊತ್ತ ಶೋರನ್ನರ್ ಆಗುತ್ತಾರೆ. (ತಾರೆಯರೂ ಅವರ ಮ್ಯಾನೇಜರುಗಳೂ ಚೌಕಾಸಿ ಮಾಡಿ ಪಡೆದ ಬಿರುದುಗಳೂ ಆ ಪಟ್ಟಿಯಲ್ಲಿ ಬೆರೆತಿರುತ್ತವೆ; ಅವನ್ನು ಬಿಡೋಣ.)

ಹೆಸರುಪಟ್ಟಿಯನ್ನು ಪೂರ್ತಿ ಓದುವ ಚಟವಿರುವ ನನಗೆ ಇದಕ್ಕೆ ಒಳ್ಳೆಯ ಉದಾಹರಣೆಯಾಗಿ ಕಾಣುವವರು ವಿನ್ಸ್ ಗಿಲಿಗನ್. ವರ್ಜೀನಿಯಾ ರಾಜ್ಯದ ಇವರು 1989ರಲ್ಲಿ ಅಲ್ಲಿಯ ಗವರ್ನರ್ ಹೆಸರಿನ ಚಿತ್ರಕಥಾ ಸ್ಪರ್ಧೆಯಲ್ಲಿ ಗೆದ್ದು ಉದ್ಯಮಕ್ಕೆ ಬಂದವರು. 'ದಿ ಎಕ್ಸ್-ಫೈಲ್ಸ್'ಗೆ ಹೊರಗಿನಿಂದ ಬರೆದುಕೊಟ್ಟ ಒಂದು ಕಂತು 1995ರಲ್ಲಿ ಪ್ರಸಾರವಾಯಿತು. ಆ ಬಳಿಕ ಅಲ್ಲಿಯೇ ಕೆಲಸಕ್ಕೆ ಸೇರಿ, 2002ರಲ್ಲಿ ಧಾರಾವಾಹಿ ಮುಗಿಯುವ ಹೊತ್ತಿಗೆ ಎಕ್ಸಿಕ್ಯೂಟಿವ್ ಪ್ರೊಡ್ಯೂಸರ್ ಆಗಿದ್ದರು. ಪಾತ್ರಧಾರಿಗಳ ಆಯ್ಕೆ, ಸೆಟ್ಟಿನಲ್ಲಿ ಸಂಭಾಷಣೆಯನ್ನು ತಿದ್ದುವುದು, ಸಂಕಲನದ ಕೊಠಡಿಯಲ್ಲಿ ಕುಳಿತು ದೃಶ್ಯವನ್ನು ಕತ್ತರಿಸುವುದು, ಇವೆಲ್ಲವನ್ನೂ ಆ ವರ್ಷಗಳಲ್ಲಿಯೇ ಕಲಿತದ್ದರಿಂದ 2008ರಲ್ಲಿ 'ಬ್ರೇಕಿಂಗ್ ಬ್ಯಾಡ್' ಅನ್ನು ನಡೆಸುವುದು ಅವರಿಗೆ ಸಾಧ್ಯವಾಯಿತು ಎಂದು ನಾನು ತಿಳಿಯುತ್ತೇನೆ. ಅವರ ಬಳಿ ಬರೆಯುತ್ತಿದ್ದ ಪೀಟರ್ ಗೂಲ್ಡ್ ಎರಡನೆಯ ಸೀಸನ್ನಿನ ಒಂದು ಕಂತಿನಲ್ಲಿ ಸಾಲ್ ಗುಡ್‌ಮನ್ ಎಂಬ ವಕೀಲನನ್ನು ತಂದರು. ಅದೇ ವಕೀಲನ ಕಥೆಯಾಗಿ 2015ರಲ್ಲಿ ಆರಂಭವಾದ ಧಾರಾವಾಹಿಗೆ ಗಿಲಿಗನ್ನರೊಂದಿಗೆ ಸಹಸೃಷ್ಟಿಕರ್ತರಾಗಿ, ಮುಂದೆ ಅದನ್ನು ತಾವೇ ನಡೆಸಿದರು.

ಸಿನಿಮಾದಲ್ಲಿ ಲೇಖಕರಿಗೆ ಈ ಭಾಗ್ಯವಿಲ್ಲ. ಚಿತ್ರಕಥೆ ಮಾರಾಟವಾದ ಮೇಲೆ ಅದನ್ನು ಇನ್ನೊಬ್ಬರ ಕೈಯಲ್ಲಿ ತಿದ್ದಿಸಲು ಸ್ಟುಡಿಯೊಗೆ ಅಧಿಕಾರವಿದೆ. ಯಾರ ಹೆಸರು ಪರದೆಯ ಮೇಲೆ ಬರಬೇಕೆಂಬ ಜಗಳವನ್ನು ಕೊನೆಗೆ ಲೇಖಕರ ಸಂಘವಾದ ರೈಟರ್ಸ್ ಗಿಲ್ಡ್ ತೀರ್ಮಾನಿಸುತ್ತದೆ.

ಕಿರುತೆರೆಯ ಈ ಏಣಿಯೂ ಈಗ ಭದ್ರವಾಗಿಲ್ಲ. ಸ್ಟ್ರೀಮಿಂಗ್ ಬಂದ ಮೇಲೆ ಎಂಟು-ಹತ್ತು ಕಂತುಗಳನ್ನು ಚಿತ್ರೀಕರಣಕ್ಕೆ ಮೊದಲೇ ಬರೆಸಿ ಲೇಖಕರನ್ನು ಮನೆಗೆ ಕಳುಹಿಸುವ ಪದ್ಧತಿ ಬೆಳೆದು, ಕಿರಿಯರಿಗೆ ಸೆಟ್ಟಿನ ಅನುಭವವೇ ಸಿಗದಂತಾಯಿತು. 2023ರಲ್ಲಿ 148 ದಿನ ನಡೆದ ಲೇಖಕರ ಮುಷ್ಕರದ ಬೇಡಿಕೆಗಳಲ್ಲಿ ಇದೂ ಒಂದಾಗಿತ್ತು, ಮತ್ತು ಒಪ್ಪಂದದಲ್ಲಿ ಧಾರಾವಾಹಿಗೆ ಕನಿಷ್ಠ ಇಷ್ಟು ಲೇಖಕರು ಇರಬೇಕೆಂಬ ನಿಯಮವನ್ನು ಸಂಘವು ಸೇರಿಸಿಕೊಂಡಿತು.