ಹಳೇ ರಿಟ್ಜ್ ಪೆಟ್ರೋಲ್ ಗಾಡಿಗೆ ಟೈಮಿಂಗ್ ಚೈನ್ ಗೈಡ್ ಅಷ್ಟೇ ಹಾಕಿಸಿದರೆ ಸಾಕಾ, ಚೈನೂ ಬೇಕಾ?

2010ರ ರಿಟ್ಜ್, ಒಂದೂವರೆ ಲಕ್ಷ ಕಿ.ಮೀ. ಆಗಿದೆ, ದಿನಾ ಕಲಬುರಗಿ–ಸೇಡಂ ಓಡಾಟ, ಬೆಳಿಗ್ಗೆ ಸ್ಟಾರ್ಟ್ ಮಾಡಿದ ಕೂಡಲೇ ಬೆಲ್ಟ್ ಇರುವ ಕಡೆಯಿಂದ ಎರಡು-ಮೂರು ಸೆಕೆಂಡು ಗರಗರ ಸದ್ದು, ಗ್ಯಾರೇಜಿನವರು ಗೈಡ್ ಹೋಗಿದೆ ಅಂದಿದ್ದಾರೆ. ಇಷ್ಟು ನೀವು ಬರೆದಿದ್ದೀರಿ. ಟೈಮಿಂಗ್ ಚೈನ್ ಅಂದರೆ ಕ್ರ್ಯಾಂಕನ್ನೂ ವಾಲ್ವ್ ತೆರೆಯುವ ಕ್ಯಾಮನ್ನೂ ಜೋಡಿಸುವ ಸರಪಳಿ; ಗೈಡ್ ಅಂದರೆ ಅದು ಅತ್ತಿತ್ತ ಹೊಡೆಯದ ಹಾಗೆ ಹಿಡಿಯುವ ಪ್ಲಾಸ್ಟಿಕ್ ಪಟ್ಟಿ. ಬರೀ ಗೈಡ್ ಹಾಕಿಸಬೇಡ್ರಿ. ಗೈಡ್ ಬದಲಿಸೋಕೆ ಎಷ್ಟು ಬಿಚ್ಚಬೇಕೋ ಚೈನ್ ಬದಲಿಸೋಕೂ ಅಷ್ಟೇ ಬಿಚ್ಚಬೇಕು, ಕೂಲಿ ಒಂದೇ. ಜಗ್ಗಿದ ಹಳೇ ಚೈನ್ ಹೊಸ ಗೈಡನ್ನೂ ಬೇಗನೆ ತಿನ್ನುತ್ತೆ.

ಬಿಚ್ಚುವ ಮೊದಲು ಸದ್ದು ಚೈನಿನದೇನಾ ಅಂತ ಖಾತ್ರಿ ಮಾಡಿಕೊಳ್ರಿ. ಫ್ಯಾನ್ ಬೆಲ್ಟ್ ತೆಗೆದು ತಣ್ಣಗಿರುವ ಎಂಜಿನನ್ನ 20–30 ಸೆಕೆಂಡು ಓಡಿಸಿ ನೋಡ್ರಿ, ಅದಕ್ಕಿಂತ ಜಾಸ್ತಿ ಬೇಡ, ವಾಟರ್ ಪಂಪ್ ತಿರುಗ್ತಿರಲ್ಲ. ಬೆಲ್ಟ್ ಇಲ್ಲದಾಗ ಸದ್ದು ಬರದೇ ಇದ್ದರೆ ಆಲ್ಟರ್ನೇಟರ್ ಅಥವಾ ವಾಟರ್ ಪಂಪ್ ಬೇರಿಂಗ್. ಆಗಲೂ ಬಂದರೆ ಉದ್ದನೆಯ ಸ್ಕ್ರೂಡ್ರೈವರ್ ತುದಿಯನ್ನ ಟೈಮಿಂಗ್ ಕವರ್ ಮೇಲಿಟ್ಟು ಹಿಡಿಗೆ ಕಿವಿ ಕೊಡ್ರಿ. ಟ್ಯಾಪೆಟ್ (ವಾಲ್ವ್ ಒತ್ತುವ ಭಾಗ) ಸದ್ದು ಮೇಲಿನ ವಾಲ್ವ್ ಕವರಿನಿಂದ ಟಿಕ್‌ಟಿಕ್ ಅಂತ ಒಂದೇ ಲಯದಲ್ಲಿ ಬರುತ್ತೆ. ಚೈನಿನದು ಕವರಿಗೆ ಉಜ್ಜಿದ ಹಾಗೆ, ಲಯವಿಲ್ಲದೆ. ಈಗ ನಿಮ್ಮದು ಬೆಳಿಗ್ಗೆ ಮಾತ್ರ ಇದೆ: ಚೈನನ್ನ ಆಯಿಲ್ ಪ್ರೆಶರಿನಿಂದ ಬಿಗಿ ಹಿಡಿಯುವ ಟೆನ್ಷನರಿನಿಂದ ರಾತ್ರಿ ಆಯಿಲ್ ಇಳಿದಿರುತ್ತೆ, ಪ್ರೆಶರ್ ಬರೋತನಕ ಚೈನ್ ಸಡಿಲ. ಎಂಜಿನ್ ಬಿಸಿಯಾದ ಮೇಲೂ ಸದ್ದು ನಿಲ್ಲದ ದಿನ ಗಾಡಿ ಓಡಿಸೋದು ಬಿಡ್ರಿ. ಚೈನ್ ಹಲ್ಲು ಹಾರಿದರೆ ವಾಲ್ವ್ ಹೋಗಿ ಪಿಸ್ಟನ್ನಿಗೆ ಬಡಿಯಬಹುದು, ಆಮೇಲೆ ಹೆಡ್ ಇಳಿಸುವ ಕೆಲಸ.

ತರಿಸಬೇಕಾದ ಸಾಮಾನು: ಚೈನ್, ಸ್ಥಿರ ಗೈಡ್, ಟೆನ್ಷನರ್ ಆರ್ಮ್, ಹೈಡ್ರಾಲಿಕ್ ಟೆನ್ಷನರ್, ಕ್ರ್ಯಾಂಕಿನ ಮುಂದಿನ ಆಯಿಲ್ ಸೀಲ್, ವಾಲ್ವ್ ಕವರ್ ಗ್ಯಾಸ್ಕೆಟ್, ಪ್ಲಗ್ ತೂತಿನ ಸೀಲುಗಳು, ಲಿಕ್ವಿಡ್ ಗ್ಯಾಸ್ಕೆಟ್ ಒಂದು ಟ್ಯೂಬ್, ಆಯಿಲ್ ಫಿಲ್ಟರ್, ಆಯಿಲ್. ಹಲ್ಲು ಕೊಕ್ಕೆಯ ಹಾಗೆ ಬಾಗಿದ್ದರೆ ಮಾತ್ರ ಸ್ಪ್ರಾಕೆಟ್ (ಚೈನ್ ಕೂರುವ ಹಲ್ಲಿನ ಚಕ್ರ). ಊರಲ್ಲಿ ಸಿಗದಿದ್ದರೆ ಸೊಲ್ಲಾಪುರ ಇಲ್ಲವೇ ಹೈದರಾಬಾದಿನಿಂದ ತರಿಸ್ರಿ, ಬೆಂಗಳೂರಿಗಿಂತ ಹತ್ತಿರ. ಟೆನ್ಷನರ್ ವಿಷಯದಲ್ಲಿ ಅಗ್ಗದ ಲೋಕಲ್ ಮಾಲು ಬೇಡವೇ ಬೇಡ. ಎಲ್ಲಾ ಸಾಮಾನು ಕೈಗೆ ಬರೋತನಕ ಎಂಜಿನ್ ಬಿಚ್ಚಿಸಬೇಡ್ರಿ.

ಕೆಲಸ ಒಂದು ಪೂರ್ತಿ ದಿನದ್ದು. ಬ್ಯಾಟರಿಯ ನೆಗೆಟಿವ್ ತೆಗೆದು, ಆಯಿಲ್ ಇಳಿಸಿ, ಮುಂದಿನ ಬಲಗಡೆಯ ಚಕ್ರ, ಒಳಗಿನ ಪ್ಲಾಸ್ಟಿಕ್ ಲೈನರ್, ಬೆಲ್ಟ್, ವಾಲ್ವ್ ಕವರ್ ಬಿಚ್ಚಿ. ಕ್ರ್ಯಾಂಕನ್ನ ಪಾನಾದಿಂದ ಅದು ತಿರುಗುವ ದಿಕ್ಕಿಗೇ ತಿರುಗಿಸಿ ಒಂದನೇ ಸಿಲಿಂಡರನ್ನ ಟಿಡಿಸಿಗೆ (ಪಿಸ್ಟನ್ ತೀರಾ ಮೇಲೆ ಬರುವ ಜಾಗಕ್ಕೆ) ತಂದು, ಮಾರ್ಕುಗಳ ಫೋಟೋ ತೆಗೆದಿಟ್ಟುಕೊಳ್ರಿ. ಕ್ರ್ಯಾಂಕ್ ಪುಲ್ಲಿ ಬೋಲ್ಟ್ ಸಡಿಲ ಮಾಡೋಕೆ ಪಾನಾ ಸಿಗಿಸಿ ಸ್ಟಾರ್ಟರ್ ಹೊಡೆಯುವ ಚಾಳಿ ಕೆಲವರಿಗಿದೆ. ಸವೆದ ಗೈಡಿನ ಮೇಲೆ ಆ ಜರ್ಕ್ ಬಿದ್ದರೆ ಅಲ್ಲೇ ಹಲ್ಲು ಹಾರಬಹುದು. ಪುಲ್ಲಿ ಹಿಡಿಯುವ ಟೂಲ್ ಇಲ್ಲದ ಕಡೆ ಈ ಕೆಲಸ ಕೊಡಬೇಡ್ರಿ.

ಬಲಗಡೆಯ ಎಂಜಿನ್ ಮೌಂಟ್ ತೆಗೆಯಬೇಕಾಗುತ್ತೆ. ಆಯಿಲ್ ಪ್ಯಾನನ್ನೂ ಇಳಿಸಬೇಕು, ಹಾಗಾಗಿ ಅದರ ಕೆಳಗೆ ಜಾಕ್ ಕೊಡೋ ಹಾಗಿಲ್ಲ. ಎಂಜಿನನ್ನ ಮೇಲಿಂದ ಸರಪಳಿ ಹಾಕಿ ತೂಗು ಹಾಕ್ರಿ. ಪ್ಯಾನ್ ಇಳಿಸದೆ ಮಾಡ್ತೀನಿ ಅನ್ನುವವರ ಮಾತಿಗೆ ಮರುಳಾಗಬೇಡ್ರಿ. ಹಳೇ ಗೈಡಿನ ತುಂಡುಗಳನ್ನ ಪೇಪರಿನ ಮೇಲೆ ಹರಡಿ, ಹೊಸ ಗೈಡ್ ಪಕ್ಕಕ್ಕಿಟ್ಟು ಜೋಡಿಸಿ ನೋಡ್ರಿ. ಬೆಲ್ಲದ ಬಣ್ಣಕ್ಕೆ ತಿರುಗಿ, ಉಗುರಿನಿಂದ ಒತ್ತಿದರೆ ಚಟ್ ಅಂತ ಮುರಿಯುವಷ್ಟು ಪೆಡಸಾಗಿರುತ್ತೆ ಆ ಪ್ಲಾಸ್ಟಿಕ್. ಎಲ್ಲಿ ಜಾಗ ಖಾಲಿ ಕಾಣುತ್ತೋ ಆ ಚೂರು ಪ್ಯಾನಿನಲ್ಲಿದೆ, ಇಲ್ಲಾ ಆಯಿಲ್ ಪಂಪಿನ ಜಾಲರಿಗೆ ಅಂಟಿದೆ. ಜಾಲರಿ ಕಟ್ಟಿದರೆ ಪ್ರೆಶರ್ ಇಳಿಯುತ್ತೆ, ಟೆನ್ಷನರ್ ಸಡಿಲ ಬೀಳುತ್ತೆ, ಹೊಸ ಗೈಡೂ ಅದೇ ದಾರಿ ಹಿಡಿಯುತ್ತೆ. ಎರಡನೇ ಸಲ ಗೈಡ್ ಹೋಗೋದಕ್ಕೆ ಬಹಳ ಸಲ ಇದೇ ಕಾರಣ, ಹಾಗಾಗಿ ಪ್ಯಾನ್, ಜಾಲರಿ ಎರಡನ್ನೂ ತೊಳೆದೇ ಹಾಕಿಸ್ರಿ.

ಕವರನ್ನ ಸ್ಕ್ರೂಡ್ರೈವರಿನಿಂದ ಎಬ್ಬಿಸಬೇಡ್ರಿ, ಅಲ್ಯೂಮಿನಿಯಂ ಮುಖದಲ್ಲಿ ಗೀರು ಬಿದ್ದರೆ ಜೀವಮಾನವಿಡೀ ಆಯಿಲ್ ಸೋರುತ್ತೆ. ಚೈನ್ ಇಳಿದ ಮೇಲೆ ಕ್ರ್ಯಾಂಕ್, ಕ್ಯಾಮ್ ಎರಡನ್ನೂ ತಿರುಗಿಸಬಾರದು. ಹೊಸ ಚೈನಿಗೆ ಆಯಿಲ್ ಸವರಿ, ಬಣ್ಣದ ಕೊಂಡಿಗಳನ್ನ ಸ್ಪ್ರಾಕೆಟ್ ಮಾರ್ಕಿಗೆ ಹೊಂದಿಸ್ರಿ. ಸ್ಥಿರ ಗೈಡ್ ಕಡೆ ಚೈನ್ ಬಿಗಿಯಾಗಿರಬೇಕು, ಸಡಿಲವೆಲ್ಲ ಟೆನ್ಷನರ್ ಕಡೆಗೇ ಬರಬೇಕು. ಟೆನ್ಷನರನ್ನ, ಅದನ್ನ ಒತ್ತಿ ಹಿಡಿದಿರುವ ಪಿನ್ ಹಾಕಿದ ಹಾಗೇ ಕೂರಿಸಿ, ಬೋಲ್ಟ್ ಬಿಗಿದ ಮೇಲೆ ಪಿನ್ ಎಳೆಯಿರಿ. ಪಿನ್ ಮರೆತು ಕವರ್ ಮುಚ್ಚಿದವರೂ ಇದ್ದಾರೆ! ಆಮೇಲೆ ಕ್ರ್ಯಾಂಕನ್ನ ಕೈಯಿಂದ ಪೂರ್ತಿ ಎರಡು ಸುತ್ತು ತಿರುಗಿಸಿ ಮಾರ್ಕ್ ನೋಡ್ರಿ. ಸ್ಪ್ರಾಕೆಟ್ ಮಾರ್ಕುಗಳು ಕೂಡಬೇಕು. ಬಣ್ಣದ ಕೊಂಡಿ ಮಾತ್ರ ಬೇರೆ ಕಡೆ ಹೋಗಿರುತ್ತೆ, ಅದು ಸಹಜ, ಗಾಬರಿಯಾಗಿ ಮತ್ತೆ ಬಿಚ್ಚಬೇಡ್ರಿ. ನಡುವೆ ಎಲ್ಲಾದರೂ ಗಟ್ಟಿಯಾಗಿ ತಡೆದರೆ ಜೋರು ಮಾಡದೆ ನಿಲ್ಲಿಸ್ರಿ, ವಾಲ್ವ್ ತಾಗಿರಬಹುದು.

ಲಿಕ್ವಿಡ್ ಗ್ಯಾಸ್ಕೆಟ್ ಸುಮಾರು 3 ಮಿ.ಮೀ. ದಪ್ಪದ ಒಂದೇ ಗೆರೆ ಸಾಕು. ಹೆಚ್ಚಾದದ್ದು ಒಳಗೆ ಉದುರಿ, ನೀವು ಈಗಷ್ಟೇ ತೊಳೆದ ಜಾಲರಿಯನ್ನೇ ಮುಚ್ಚುತ್ತೆ. ಕವರಿನ 6 ಎಂಎಂ ಬೋಲ್ಟುಗಳಿಗೆ 10–12 ನ್ಯೂಟನ್ ಮೀಟರ್, ಅಂದರೆ ಮಣಿಕಟ್ಟಿನ ಬಲ ಅಷ್ಟೇ. ಕ್ರ್ಯಾಂಕ್ ಬೋಲ್ಟಿಗೆ ಮಾತ್ರ ಸರ್ವಿಸ್ ಮ್ಯಾನ್ಯುಯಲ್ ಅಂಕಿ ನೋಡಿ ಟಾರ್ಕ್ ರೆಂಚ್ ಹಾಕಲೇಬೇಕು. ಟ್ಯೂಬಿನ ಮೇಲೆ ಬರೆದಷ್ಟು ಹೊತ್ತು ಒಣಗಿದ ಮೇಲೆಯೇ ಆಯಿಲ್ ಸುರಿಯಿರಿ.

ಆಯಿಲ್ ಬಗ್ಗೆ ಒಂದು ಮಾತು. "ನಮ್ಮ ಬಿಸಿಲಿಗೆ ತೆಳು ಆಯಿಲ್ ತಡೆಯಲ್ಲ" ಅಂತ 20ಡಬ್ಲ್ಯು-50 ಸುರಿಯೋರು ನಮ್ಮ ಕಡೆ ಬಹಳ. ಹೊರಗೆ 43 ಡಿಗ್ರಿ ಇರಲಿ, 25 ಇರಲಿ, ಎಂಜಿನ್ ನೀರನ್ನ ಥರ್ಮೋಸ್ಟಾಟ್ ಹೆಚ್ಚುಕಡಿಮೆ ಒಂದೇ ಶಾಖದಲ್ಲಿ ಇಡುತ್ತೆ. ದಪ್ಪ ಆಯಿಲ್ ಬೆಳಿಗ್ಗೆ ಟೆನ್ಷನರ್ ತಲುಪೋದು ತಡ, ಆ ಎರಡು-ಮೂರು ಸೆಕೆಂಡಿನಲ್ಲೇ ಗೈಡ್ ಏಟು ತಿನ್ನೋದು. ಕಂಪನಿ ಹೇಳಿದ 5ಡಬ್ಲ್ಯು-30 ಹಾಕ್ರಿ. ಸೇಡಂ ಕಡೆಯ ಸಿಮೆಂಟ್ ಧೂಳಿನಲ್ಲಿ ದಿನಾ ಓಡಿಸೋದರಿಂದ ಏರ್ ಫಿಲ್ಟರನ್ನೂ ಹೇಳಿದ್ದಕ್ಕಿಂತ ಮೊದಲೇ ಬದಲಿಸ್ರಿ.

ಮೊದಲ ಸ್ಟಾರ್ಟಿಗೆ ಮುಂಚೆ ಫ್ಯೂಯಲ್ ಪಂಪಿನ ರಿಲೇ ಕಿತ್ತು, ಹತ್ತು ಸೆಕೆಂಡಿನ ಹಾಗೆ ಎರಡು-ಮೂರು ಸಲ ಬರೀ ಸೆಲ್ಫ್ ಹೊಡೆಸ್ರಿ. ಆಯಿಲ್ ಲೈಟ್ ಆರಿದ ಮೇಲೆ ರಿಲೇ ಹಾಕಿ ಸ್ಟಾರ್ಟ್ ಮಾಡ್ರಿ. ಆ ಒಂದು ಸಲ ಕ್ಷಣ ಹೊತ್ತು ಗರಗರ ಅಂದರೆ ಪರವಾಗಿಲ್ಲ. ಮರುದಿನ ಬೆಳಿಗ್ಗೆಯೂ ಬಂದರೆ ಟೆನ್ಷನರ್ ಅಥವಾ ಪ್ರೆಶರ್ ನೋಡಿಸ್ರಿ, ಮೀಟರ್ ಹಚ್ಚಿಯೇ ನೋಡಿಸ್ರಿ. 1000 ಕಿ.ಮೀ.ಗೆ ಆಯಿಲ್ ಮತ್ತು ಫಿಲ್ಟರ್ ಇನ್ನೊಮ್ಮೆ ಬದಲಿಸಿ, ಇಳಿಸಿದ ಆಯಿಲನ್ನ ಬಟ್ಟೆಯಲ್ಲಿ ಸೋಸಿ ನೋಡ್ರಿ, ಪ್ಲಾಸ್ಟಿಕ್ ಚೂರು ಇನ್ನೂ ಸಿಗುತ್ತಾ ಅಂತ.