ಹಿಂಟ್ ಉಳಿಸೋದಾ, ಫ್ಯೂಸ್ ಉಳಿಸೋದಾ?

ಪ್ರಶ್ನೆ: ಸರ್, ಭಾನುವಾರ ಮನೇಲಿ ನಾಲ್ಕು ಜನ ಹನಾಬಿ ಅನ್ನೋ ಕಾರ್ಡ್ ಆಟ ಆಡ್ತೀವಿ. ನಮ್ಮ ಭಾವ ಎಲೆಯ ಬಣ್ಣ, ನಂಬರು ಎರಡೂ ಗೊತ್ತಾಗೋವರೆಗೂ ಅದನ್ನ ಇಳಿಸೋದೇ ಇಲ್ಲ, ನನ್ನ ತಂಗಿ ಅರ್ಧ ಗೊತ್ತಾದ್ರೆ ಸಾಕು ಇಳಿಸಿಬಿಡ್ತಾಳೆ, ಆಮೇಲೆ ಜಗಳ. ಟೋಕನ್ ಎಲ್ಲರದ್ದು, ಫ್ಯೂಸೂ ಎಲ್ಲರದ್ದು, ಹಾಗಾಗಿ ಭಾವ ಹುಷಾರಾಗಿರೋದೇ ಸರಿ ತಾನೆ? ಇನ್ನೊಂದು, ಅವರು ತಪ್ಪು ಎಲೆಗೆ ಕೈ ಹಾಕಿದ್ರೆ ನಮ್ಮಮ್ಮ ಕೆಮ್ತಾರೆ, ಅದು ನಡೆಯುತ್ತಾ?

ಉತ್ತರ: ಗೊತ್ತಿಲ್ಲದವರಿಗಾಗಿ ಮೊದಲು ಆಟದ ವಿಷ್ಯ. ಫ್ರಾನ್ಸ್‌ನ ಆಂತ್ವಾನ್ ಬೋಜಾ ಮಾಡಿದ್ದು, 2013ರಲ್ಲಿ ಜರ್ಮನಿಯ ವರ್ಷದ ಆಟ ಪ್ರಶಸ್ತಿ ಬಂತು. ನಮ್ಮ ಎಲೆ ನಮಗೇ ಕಾಣಲ್ಲ, ಉಳಿದವರಿಗೆ ಕಾಣುತ್ತೆ, ಎಲ್ಲರೂ ಸೇರಿ ಐದು ಬಣ್ಣದಲ್ಲಿ 1ರಿಂದ 5ರವರೆಗೆ ಜೋಡಿಸ್ಬೇಕು. ಹಿಂಟ್ ಕೊಡೋಕೆ 8 ಟೋಕನ್, ಒಂದು ಹಿಂಟಲ್ಲಿ ಬಣ್ಣ ಇಲ್ಲಾ ನಂಬರು, ಯಾವುದಾದ್ರೂ ಒಂದನ್ನೇ ಹೇಳ್ಬಹುದು. ಒಂದೆಲೆ ಬಿಸಾಕಿದ್ರೆ ಒಂದು ಟೋಕನ್ ವಾಪಸ್. ತಪ್ಪಾಗಿ ಇಳಿಸಿದ್ರೆ ಮೂರು ಫ್ಯೂಸಲ್ಲಿ ಒಂದು ಹೋಗುತ್ತೆ, ಮೂರನೇ ತಪ್ಪಿಗೆ ಆಟ ಢಮಾರ್.

ಈಗ ಲೆಕ್ಕಕ್ಕೆ ಬನ್ನಿ. 50 ಎಲೆಲಿ ನಾಲ್ಕು ಜನಕ್ಕೆ 16 ಹಂಚಿದ್ರೆ ಕಟ್ಟಲ್ಲಿ 34 ಉಳಿಯುತ್ತೆ. ಇಳಿಸಿದ್ರೂ ಬಿಸಾಕಿದ್ರೂ ಕಟ್ಟಿಂದ ಒಂದು ಎಳೀಬೇಕು, ಕಟ್ಟು ಮುಗಿದ್ಮೇಲೆ ನಾಲ್ಕು ಜನಕ್ಕೂ ಇನ್ನೊಂದೊಂದೇ ಸರದಿ, ಹಾಗಾಗಿ ಒಟ್ಟು 38 ಸಲ. ಪೂರ್ತಿ 25 ಬೇಕಂದ್ರೆ ಬಿಸಾಕೋದು, ತಪ್ಪಾಗಿ ಇಳಿಸೋದು ಎರಡೂ ಸೇರಿ 13 ದಾಟೋ ಹಾಗಿಲ್ಲ. ಅಂದ್ರೆ ಮೊದಲ 8, ವಾಪಸ್ ಬರೋ 13, 5 ಇಳಿಸಿದ್ದಕ್ಕೆ ಸಿಗೋ ನಾಲ್ಕು (ಕೊನೇ 5ಕ್ಕೆ ಆಟವೇ ಮುಗಿಯುತ್ತೆ), ಅಬ್ಬಬ್ಬಾ ಅಂದ್ರೆ 25 ಹಿಂಟ್. ಎಲೆನೂ 25! ನಿಮ್ಮ ಭಾವ ಒಂದೊಂದಕ್ಕೂ ಎರಡೆರಡು ಕೇಳ್ತಾ ಕೂತ್ರೆ ಎಲ್ಲಿಂದ ತರ್ತೀರಿ? ಫ್ಯೂಸಲ್ಲಿ ಜಿಪುಣತನ ಮಾಡಿ ಹಿಂಟಲ್ಲಿ ದುಂದು ಮಾಡ್ತಿದ್ದಾರೆ ಅಷ್ಟೆ. ಎರಡು ಫ್ಯೂಸ್ ಹೋದ್ರೂ ಒಂದಂಕನೂ ಕಟ್ ಆಗಲ್ಲ, ಅವು ಬಳಸೋಕೇ ಇರೋದು, ಮೂರನೇದನ್ನ ಮಾತ್ರ ಮುಟ್ಟಬಾರದು.

ಉದಾಹರಣೆಗೆ ಕೆಂಪು 1, ನೀಲಿ 1 ಆಗಲೇ ಇಳಿದಿದೆ, ಭಾವನ ಕೈಲಿ ಒಂದು 1 ಇದೆ ಅಂತ ಹೇಳಿದೀರಿ, ಬಣ್ಣ ಗೊತ್ತಿಲ್ಲ. ಬೇರೆ 1 ಎಲ್ಲೂ ಕಾಣ್ತಿಲ್ಲ ಅಂದ್ರೆ ಬಣ್ಣಕ್ಕೆ ಮೂರು 1 ಇರೋದ್ರಿಂದ ಉಳಿದ 13 ಒಂದುಗಳಲ್ಲಿ 9 ಕೆಲಸಕ್ಕೆ ಬರೋವೇ. ಕಣ್ಮುಚ್ಚಿ ಇಳಿಸ್ಲಿ! ತಪ್ಪಾದ್ರೂ ಹೋಗೋದು ಒಂದು ಫ್ಯೂಸು ಮತ್ತೆ ಇಳಿದಿರೋ ಎಲೆಯದೇ ಜೆರಾಕ್ಸು. ಅದೇ 5 ಇದ್ರೆ ಕಥೆ ಬೇರೆ, ಪ್ರತಿ ಬಣ್ಣಕ್ಕೂ ಇರೋದು ಒಂದೇ 5, ಅಲ್ಲಿ ತಂಗಿ ಸ್ವಲ್ಪ ಕೈ ಬಿಗಿ ಹಿಡೀಲಿ.

ಹಿಡಿತ ಬೇಕಾಗಿರೋದು ಕೊನೇ ಟೋಕನ್ ವಿಷ್ಯದಲ್ಲಿ. ಪಕ್ಕದವರು ಮುಂದಿನ ಸರದಿಗೆ ಹಸಿರು 5ನ್ನೇ ಬಿಸಾಕೋ ಹಾಗಿದ್ದಾಗ ನೀವು ಆ ಟೋಕನ್ನ ಯಾವ್ದೋ ಚಿಲ್ಲರೆ ಹಿಂಟಿಗೆ ಸುರಿದಿದ್ರೆ ಬಾಯಿ ಬಿಟ್ಕೊಂಡು ನೋಡ್ಬೇಕಷ್ಟೆ. ಎಲೆ ಖಾಲಿಯಾಗಿ ಕೊನೇ ಸುತ್ತು ಬಂದಾಗ, ಎರಡು ಮೂರು ಫ್ಯೂಸ್ ಉಳಿದಿದ್ರೆ, ಭಾವನೂ ಅಂದಾಜಿನ ಮೇಲೆ ಇಳಿಸ್ಲಿ, ಅಮೇಲೆ ಅವನ್ನ ಇಟ್ಕೊಂಡು ಉಪ್ಪಿನಕಾಯಿ ಹಾಕೋಕಾಗಲ್ಲ.

ಅಮ್ಮನ ಕೆಮ್ಮು ರೂಲ್ಸ್ ಪ್ರಕಾರ ನಡೆಯಲ್ಲ. ಒಂದು ಕೆಮ್ಮಿಗೆ ಒಂದು ಟೋಕನ್ ಕಳೀರಿ, ನಿಜವಾಗ್ಲೂ ನೆಗಡಿ ಇದ್ರೆ ಮಾತ್ರ ಮಾಫಿ.