ಶನಿವಾರದ ಆಟ ಕಡ್ಡಾಯವಾದರೆ ಮಗನ ಓದಿಗೆ ತೊಂದರೆಯೇ?

ಮೆಲ್ಬರ್ನ್‌ನ ಎಪಿಎಸ್ (ಅಸೋಸಿಯೇಟೆಡ್ ಪಬ್ಲಿಕ್ ಸ್ಕೂಲ್ಸ್ ಎಂಬ ಖಾಸಗಿ ಶಾಲೆಗಳ ಒಕ್ಕೂಟ) ಶಾಲೆಯೊಂದರಲ್ಲಿ ಮಗನಿಗೆ ಏಳನೇ ತರಗತಿಗೆ ಸೀಟು ಸಿಕ್ಕಿದೆ, ಶನಿವಾರ ಶಾಲೆಯ ಪರವಾಗಿ ಆಡಲೇಬೇಕಂತೆ, ಅವನು ಆಟದಲ್ಲಿ ಅಷ್ಟಕ್ಕಷ್ಟೇ, ಟ್ಯೂಷನ್ ಬೇರೆ ತಪ್ಪುತ್ತದೆ, ವಿನಾಯಿತಿ ಕೇಳಬಹುದೇ ಎಂದು ಕೇಳಿದ್ದೀರಿ. ನನ್ನ ಮಗನೂ ಇಂಥದೇ ಶಾಲೆಯಲ್ಲಿ ಓದಿದವನು. ದಯವಿಟ್ಟು ಕೇಳಬೇಡಿ. ಟ್ಯೂಷನ್ನನ್ನು ಭಾನುವಾರಕ್ಕೆ ಹಾಕಿಕೊಳ್ಳಿ.

ಆಟ ಬರುವುದಿಲ್ಲವೆಂಬ ಚಿಂತೆಯನ್ನಂತೂ ಬಿಟ್ಟುಬಿಡಿ. ಬೆಂಗಳೂರಿನಲ್ಲಿ ನಾನು ಓದಿದ ಶಾಲೆಯಿಂದ ಅಂತರಶಾಲಾ ಕ್ರಿಕೆಟ್‌ಗೆ ಹೋಗುತ್ತಿದ್ದವರು ಹನ್ನೊಂದು ಮಂದಿ, ಮಿಕ್ಕವರೆಲ್ಲ ಚಪ್ಪಾಳೆ ತಟ್ಟುವವರು. ಇಲ್ಲಿ ಒಂದೇ ವಯಸ್ಸಿನವರಿಗೆ ಎ, ಬಿ, ಸಿ, ಡಿ ಎಂದು ತಂಡಗಳಿರುತ್ತವೆ. ಡಿ ತಂಡದ ಎದುರು ಇನ್ನೊಂದು ಶಾಲೆಯ ಅಷ್ಟೇ ಬಡಪಾಯಿ ಹುಡುಗರು ಬಂದು ನಿಲ್ಲುತ್ತಾರೆ. ನನ್ನ ಮಗ ಆಡಿದ್ದು ಅಂಥ ಕೊನೆಯ ತಂಡದಲ್ಲೇ. ಓವರಿಗೆ ನಾಲ್ಕು ವೈಡ್. ಕ್ಯಾಚ್ ಹಿಡಿದರೆ ಹಿಡಿದವನಿಗೇ ಆಶ್ಚರ್ಯ. ಆದರೂ ಬಿಳಿ ಉಡುಪು, ಟಾಸ್, ಅಂಪೈರ್, ಸ್ಕೋರ್ ಪುಸ್ತಕ ಯಾವುದಕ್ಕೂ ಕೊರತೆಯಿಲ್ಲ. ಆ ಪುಸ್ತಕ ಬರೆಯುವ ಕೆಲಸ ಅಪ್ಪಂದಿರ ಪಾಲಿನದು. ನೀವು ಭಾರತದವರೆಂದು ಗೊತ್ತಾದರೆ ಪೆನ್ಸಿಲ್ ನೇರವಾಗಿ ನಿಮ್ಮ ಕೈಗೇ ಬರುತ್ತದೆ.

ಈ ಹುಚ್ಚು ಹಳೆಯದು. 1858ರಲ್ಲಿ ಸ್ಕಾಚ್ ಕಾಲೇಜು ಮತ್ತು ಮೆಲ್ಬರ್ನ್ ಗ್ರಾಮರ್ ಶಾಲೆಗಳು ತಂಡಕ್ಕೆ ಸುಮಾರು 40 ಜನರನ್ನು ಕಟ್ಟಿಕೊಂಡು ಕಾಲ್ಚೆಂಡು ಆಡಿದವು. ಮೂರು ಶನಿವಾರ ಗುದ್ದಾಡಿದರೂ ತಲಾ ಒಂದೇ ಗೋಲು, ಪಂದ್ಯ ಡ್ರಾ! ಆಸ್ಟ್ರೇಲಿಯನ್ ಫುಟ್‌ಬಾಲ್‌ನ (ಸಾಕರ್ ಅಲ್ಲ, ಇಲ್ಲಿಯದೇ ಬೇರೆ ಆಟ) ಚರಿತ್ರೆ ಹೇಳುವವರು ಈ ಪಂದ್ಯವನ್ನು ಬಿಡುವುದೇ ಇಲ್ಲ. ಎಪಿಎಸ್ ಒಕ್ಕೂಟ ಹುಟ್ಟಿದ್ದು 1908ರಲ್ಲಿ. ಈಗ ಅದರಲ್ಲಿ ಹನ್ನೊಂದು ಶಾಲೆಗಳಿವೆ.

ಶಾಲೆಗಳ ಅಗ್ರ ತಂಡಗಳ ಕಥೆಯೇ ಬೇರೆ. ಆಟಗಾರರನ್ನು ವಿದ್ಯಾರ್ಥಿವೇತನ ಕೊಟ್ಟು ಹೊರಗಿನಿಂದ ಸೆಳೆಯುತ್ತಾರೆ ಎಂಬ ತಕರಾರು ಇಲ್ಲಿ ಬಹಳ ಕಾಲದಿಂದ ಇದೆ. ನನಗೂ ಅದು ಸರಿಕಾಣುವುದಿಲ್ಲ, ಆದರೆ ಡಿ ತಂಡದವರೆಗೆ ಅದರ ಬಿಸಿ ತಟ್ಟುವುದಿಲ್ಲ.

ಎಚ್ಚರಿಕೆ ಬೇಕಾದದ್ದು ರೋಯಿಂಗ್ (ದೋಣಿಗೆ ಹುಟ್ಟು ಹಾಕುವ ಪಂದ್ಯ) ಆಯ್ಕೆಯಲ್ಲಿ. ಬೆಳಕು ಹರಿಯುವ ಮೊದಲೇ ನದಿಯ ಬಳಿ ಬಿಟ್ಟು ಬರಬೇಕು, ರಜೆಯಲ್ಲಿ ಶಿಬಿರಗಳಿರುತ್ತವೆ, ಖರ್ಚೂ ಹೆಚ್ಚು. ಮಾರ್ಚ್‌ನಲ್ಲಿ ನಗಾಂಬಿ ಸರೋವರದಲ್ಲಿ ನಡೆಯುವ 'ಹೆಡ್ ಆಫ್ ದಿ ರಿವರ್' ಸ್ಪರ್ಧೆಗೆ ಇಡೀ ಶಾಲೆಯೇ ಮೈದುಂಬಿದಂತೆ ಆಡುತ್ತದೆ. ನೋಡಲು ಸೊಗಸು, ಹೌದು. ಆದರೆ ಓದಿನ ಚಿಂತೆ ಇರುವ ಮನೆಗೆ ಅದು ಹೇಳಿಸಿದ್ದಲ್ಲ.

ಬೇಸಿಗೆಗೆ ಕ್ರಿಕೆಟ್ ಅಥವಾ ಟೆನಿಸ್, ಚಳಿಗಾಲಕ್ಕೆ ಸಾಕರ್ ಬರೆಸಿ. ಪಂದ್ಯ ಜೀಲಾಂಗ್‌ನಲ್ಲಿದ್ದರೆ ಹೋಗಲಿಕ್ಕೇ ಸುಮಾರು 75 ಕಿ.ಮೀ.; ಶಾಲೆಯ ಬಸ್ ಇದೆಯೇ ಎಂದು ಮೊದಲೇ ವಿಚಾರಿಸಿ. ನಿಮಗೊಂದು ಮಡಚುವ ಕುರ್ಚಿ, ಫ್ಲಾಸ್ಕ್‌ನಲ್ಲಿ ಕಾಫಿ ಇರಲಿ. ಮೈದಾನದ ಕಾಫಿ ಕುಡಿಯುವಂಥದ್ದಲ್ಲ.